ತಾರಸಿಯ ಕ್ಯಾಪ್ಟನ್

ಊರಿಂದೂರಿಗೆ ಹಾರುವ ಸಣ್ಣ ವಿಮಾನಗಳಿಗೆ ಪೈಲಟ್ ಆಗಬೇಕೆನ್ನುವ ರಾಜಾಜಿನಗರದ ಹುಡುಗರೆಲ್ಲ ಇಂಟರ್‌ವ್ಯೂಗೆ ಮೊದಲು ಸೇತುರಾಮಯ್ಯ ಮೇಷ್ಟ್ರ ತಾರಸಿ ಹತ್ತಲೇಬೇಕು. ಅಲ್ಲಿ ಹುಡುಗರಿಗೆ ಪಾಠ ಹೇಳುವುದಕ್ಕಷ್ಟೇ ಅವರು ಮೇಷ್ಟ್ರು; ವಿಮಾನ ಕಂಪನಿಯೊಂದರ ಟಿಕೆಟ್ ಕೌಂಟರಿನಲ್ಲಿ ಕೂತು ರಿಟೈರಾದವರು. ವಿಮಾನ ಓಡಿಸಿದವರಲ್ಲ, ಆದರೆ ಅದನ್ನು ಅವರೆದುರು ಹೇಳುವ ಧೈರ್ಯ ಯಾರಿಗೂ ಇಲ್ಲ. ಬಿಟಿಎಸ್ ಬಸ್ಸಿನಿಂದ ಇಳಿಯುವಾಗಲೂ ಡ್ರೈವರಿಗೆ "ಲ್ಯಾಂಡಿಂಗ್ ಪರವಾಗಿಲ್ಲ, ಇನ್ನೊಂಚೂರು ಮೆತ್ತಗಾಗ್ಬೇಕು" ಎಂದು ಹೇಳಿಯೇ ಇಳಿಯುವ ಆಸಾಮಿ. ತಾರಸಿಯಲ್ಲಿ ಹಳೇ ಬೆಂಚೇ ವಿಮಾನ, ಕೊಡೆಯೇ ಸ್ಟಿಯರಿಂಗು, ಪಂಚೆಯೇ ಬೆಲ್ಟು. ಬಿರುಗಾಳಿ ಬೇಕಾದಾಗ ಮೇಷ್ಟ್ರೇ ಬೆಂಚು ಹಿಡಿದು ಗಡಗಡ ಅಲ್ಲಾಡಿಸುತ್ತಾರೆ. ಬಿದ್ದವನು ಅವತ್ತಿಗೆ ಫೇಲು. ಕೆಳಗೆ ಅಡುಗೆಮನೆಯಲ್ಲಿರುವ ಹೆಂಡತಿ ಪುಟ್ಟಲಕ್ಷ್ಮಮ್ಮನವರೇ ಕಂಟ್ರೋಲ್ ಟವರ್. "ರನ್‌ವೇ ಖಾಲಿ ಇದೆ, ಇಳೀರಿ! ಉಪ್ಪಿಟ್ಟು ಆರೋಗ್ತಿದೆ!" ಎಂದು ಆಕೆ ಕೂಗಿದ ಮೇಲೆಯೇ ವಿಮಾನ ಇಳಿಯುವುದು. "ಎಂಜಿನ್ ಕೆಟ್ರೂ ದನಿ ಕೆಡಬಾರದು ಕಣ್ರೋ, ಪ್ಯಾಸೆಂಜರು ನಿಮ್ಮ ದನಿ ನಂಬ್ಕೊಂಡು ಕೂತಿರ್ತಾರೆ" ಎಂಬುದು ಮೇಷ್ಟ್ರ ನಿತ್ಯದ ಮಂತ್ರ. ೧೯೭೬ರ ಬೇಸಿಗೆಯಲ್ಲಿ ಪುಟ್ಟಲಕ್ಷ್ಮಮ್ಮನವರನ್ನು ದೊಡ್ಡ ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ, ಮೇಷ್ಟ್ರು ಸ್ಟ್ರೆಚರಿನ ಅಂಚು ಹಿಡಿದು ಪಕ್ಕದಲ್ಲೇ ನಡೆದರು. "ಪ್ರಯಾಣಿಕರ ಗಮನಕ್ಕೆ, ಸ್ವಲ್ಪ ಅಲ್ಲಾಡತ್ತೆ ಅಷ್ಟೇ. ಕ್ಯಾಪ್ಟನ್ ಇಲ್ಲೇ ಇದಾರೆ" ಎಂದರು. ದನಿ ಒಂದಿಷ್ಟೂ ಕೆಡಲಿಲ್ಲ; ಆದರೆ ಅವರ ಕೈ ನಡುಗಿ ಸ್ಟ್ರೆಚರು ತಾರಸಿಯ ಬೆಂಚಿನ ಹಾಗೆ ಗಡಗಡ ಅಲ್ಲಾಡುತ್ತಿತ್ತು. ಪುಟ್ಟಲಕ್ಷ್ಮಮ್ಮ ಆ ಕೈಯ ಮೇಲೆ ತಮ್ಮ ಕೈಯಿಟ್ಟು, "ರನ್‌ವೇ ಖಾಲಿ ಇದೆ ಕಣ್ರೀ, ನಿಧಾನವಾಗಿ ಇಳೀರಿ" ಎಂದರು.