ಬೇಕಂತಲೇ ಹಾಡಿದ ಅಪಸ್ವರ

ಹಾವೇರಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಸಂಗೀತ ಶಾಲೆ. ವಾರದಲ್ಲಿ ಎರಡು ದಿನ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋಗುತ್ತಿದ್ದೆ, ಒಂದು ದಿನ ಬ್ಯಾಡಗಿಗೆ. ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ಟಿವಿಯಲ್ಲಿ ಮಕ್ಕಳ ಹಾಡಿನ ಸ್ಪರ್ಧೆ ನೋಡಿದವರಿಗೆಲ್ಲ ತಮ್ಮ ಮಗು ಮುಂದಿನ ತಿಂಗಳೇ ಅಲ್ಲಿ ನಿಂತು ಹಾಡಬೇಕು ಎನ್ನುವ ಹುಚ್ಚು ಹಿಡಿದಿತ್ತು. ಹುಬ್ಬಳ್ಳಿಯಿಂದ ಕೀಬೋರ್ಡ್ ತಂದು, ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆಯದೆ, "ಇದರಾಗ ಲಗೂನ ಸಿನಿಮಾ ಹಾಡು ಕಲಸ್ರಿ ಅಕ್ಕೋರ" ಎನ್ನುವ ಅಪ್ಪಂದಿರು. "ಇನ್ನೂ ಸರಿಗಮದಾಗ ಅದಾನೇನ್ರಿ?" ಎಂದು ಮುಖ ಸಣ್ಣಗೆ ಮಾಡುವ ಅವ್ವಂದಿರು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಆದರೂ ನುಂಗಿಕೊಳ್ಳುತ್ತಿದ್ದೆ. ಬ್ಯಾಡಗಿಯಲ್ಲಂತೂ ಮೆಣಸಿನಕಾಯಿಯ ಸುಗ್ಗಿ ಬಂತೆಂದರೆ ಪಾಠಕ್ಕಿಂತ ಕೆಮ್ಮೇ ಹೆಚ್ಚು. ಹಾಡುವವರೂ ಕೆಮ್ಮಬೇಕು, ಹಾಡಿಸುವವಳೂ ಕೆಮ್ಮಬೇಕು.

ದೊಡ್ಡವರೂ ಬರುತ್ತಿದ್ದರು. ನಿವೃತ್ತರಾದ ಮೇಲೆ ಪೇಟಿ ಕಲಿಯಬೇಕೆಂಬ ಆಸೆಯ ಗುಮಾಸ್ತರು, ಭಜನೆಗೆ ಧ್ವನಿ ಕೂಡಿಸಬೇಕೆಂಬ ಅಂಗಡಿಯವರ ಹೆಂಡಂದಿರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎಂದೇ ಹೆಸರು. ಇವರೆಲ್ಲರಿಗಿಂತ ನನ್ನ ಸಿಟ್ಟು ಕೆರಳಿಸುತ್ತಿದ್ದವರು ಬೇರೆ. "ಬರೋ ಐತವಾರ ಕನ್ಯಾ ನೋಡಾಕ ಬರ್ತಾರ್ರಿ, ಹುಡುಗಿಗೆ ಒಂದು ಹಾಡು ಕೂಡಿಸಿ ಕೊಡ್ರಿ" ಎಂದು ಬಂದು ನಿಲ್ಲುತ್ತಿದ್ದರು, ಕುಪ್ಪಸ ಹೊಲಿದು ಕೊಡಿ ಎಂದ ಹಾಗೆ. ಗಂಡಿನ ಕಡೆಯವರು ಅವಲಕ್ಕಿ, ಚಹಾ ಮುಗಿಸಿ "ಒಂದು ಹಾಡು ಹೇಳವಾ ತಂಗಿ" ಎನ್ನುವುದು ಆಗಿನ್ನೂ ಪದ್ಧತಿ. ಆ ಒಂದು ಹಾಡು ಹೇಳಿ ಮುಗಿದರೆ ಹುಡುಗಿಯ ಸಂಗೀತವೂ ಮುಗಿಯುತ್ತಿತ್ತು. ಅಂಥವರಿಗೆ ಕಲಿಸುವುದಿಲ್ಲ ಎಂದು ನಾನು ಖಡಾಖಂಡಿತ ಹೇಳಿಬಿಡುತ್ತಿದ್ದೆ.

ನಾನು ಈಗ ಹೇಳಹೊರಟ ರಾಣೆಬೆನ್ನೂರಿನ ಹುಡುಗಿ ಹಾಗೆ ಬಂದವಳಲ್ಲ. ಅವಳಪ್ಪನಿಗೆ ಬೀಜದ ಅಂಗಡಿ ಇತ್ತು. ಎರಡು ಜಡೆ ಹಾಕಿಕೊಂಡು ಬರುತ್ತಿದ್ದ ಕಾಲದಿಂದ ನನ್ನ ಹತ್ತಿರ ಕಲಿತವಳು. ಜೂನಿಯರ್, ಸೀನಿಯರ್ ಎರಡೂ ಪರೀಕ್ಷೆ ಪಾಸಾಗಿ, ವಿದ್ವತ್ ಪರೀಕ್ಷೆಗೆ ತಯಾರಾಗುತ್ತಿದ್ದಳು. ಅದೊಂದು ಆದರೆ ಯಾವುದಾದರೂ ಶಾಲೆಯಲ್ಲಿ ಸಂಗೀತದ ಶಿಕ್ಷಕಿಯಾಗುತ್ತೇನೆ ಎಂದು ಅವಳ ಲೆಕ್ಕ. ಅವಳ ಧ್ವನಿ ತೀರಾ ಸಿಹಿಯಲ್ಲ, ಆದರೆ ಸ್ವರ ತಪ್ಪುತ್ತಿರಲಿಲ್ಲ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಗಾಂಧಾರ ಗಾಂಧಾರದ ಜಾಗದಲ್ಲೇ ಇರುತ್ತಿತ್ತು. ಇದನ್ನು ಅವಳಿಗೆ ನಾನು ಒಮ್ಮೆಯೂ ಹೇಳಲಿಲ್ಲ. ನನ್ನ ಗುರುಗಳೂ ನನಗೆ ಹೇಳಿದವರಲ್ಲ. ಶಿಷ್ಯರನ್ನು ಎದುರಿಗೇ ಹೊಗಳಿದರೆ ವಿದ್ಯೆಗೆ ಕೇಡು ಎನ್ನುವುದು ನಮ್ಮ ಕಡೆ ಹಾಡುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು.

ಒಂದು ದಿನ ಪಾಠ ಮುಗಿದ ಮೇಲೆ ಅವಳಪ್ಪ ಅಂಗಡಿಯಿಂದಲೇ ಬಂದು ಕೈಮುಗಿದರು. ಕರ್ಜಗಿಯಿಂದ ಒಂದು ಸಂಬಂಧ ಬಂದಿತ್ತು. ಹೊಲ ಇದೆ, ಹಾವೇರಿಯಲ್ಲಿ ಕಿರಾಣಿ ಅಂಗಡಿ ಇದೆ, ಹುಡುಗನಿಗೆ ಚಟವಿಲ್ಲ.

"ಹುಡುಗನ ತಾಯಿಗೆ ಹಾಡು ಅಂದ್ರ ಜೀವ ಅಂತ್ರಿ ಅಕ್ಕೋರ. ಹಾಡು ಬರೋ ಸೊಸೀನ ಬೇಕಂತ ಹೇಳಿ ಕಳಸ್ಯಾರ. ಪೇಟಿ ಬಾರಸಾಕ ನೀವ ಬರಬೇಕ್ರಿ" ಎಂದರು.

ನನ್ನ ಮೈ ಉರಿಯಿತು. "ಪರೀಕ್ಷಾ ಮುಗೀಲಿ ಅಲ್ರಿ?" ಎಂದೆ.

"ಪರೀಕ್ಷಾ ಎಲ್ಲಿ ಹೋಗ್ತೈತ್ರಿ? ಇಂಥಾ ಮನಿ ಮತ್ತ ಸಿಗಬೇಕಲ್ಲ" ಎಂದರು. ಅವರು ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ ನನ್ನನ್ನು ಬಸ್ ಸ್ಟ್ಯಾಂಡಿನ ತನಕ ಬ್ಯಾಟರಿ ಹಿಡಿದು ಬಿಟ್ಟು ಬರುತ್ತಿದ್ದ ಮನುಷ್ಯ. ಬರುತ್ತೇನೆ ಎಂದೆ.

ಐತವಾರ ಅವರ ಮನೆಗೆ ಹೋದಾಗ ಗಂಡಿನ ಕಡೆಯವರು ಇನ್ನೂ ಬಂದಿರಲಿಲ್ಲ. ಹುಡುಗಿ ನನ್ನನ್ನು ಒಳಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

"ಅಕ್ಕೋರ, ನಾ ಇವತ್ತ ಬೇಸೂರ ಹಾಡ್ತೇನ್ರಿ. ಸಿಟ್ಟ ಆಗಬ್ಯಾಡ್ರಿ."

ನನಗೆ ಮೊದಲು ಏನೂ ಹೊಳೆಯಲಿಲ್ಲ. ತಿಳಿದ ಮೇಲೆ, ಈ ಸಂಬಂಧ ಬೇಡವೆಂದು ಅಪ್ಪನಿಗೇ ಹೇಳಬಾರದೇನೆ ಎಂದು ಕೇಳಿದೆ.

"ಏನಂತ ಬ್ಯಾಡ ಅನ್ಲಿರಿ? ಹುಡುಗನ ಕಡೆ ಒಂದು ಐಬು ತೋರಸು, ಬಿಡ್ತೇನಿ ಅಂತಾನ ಅಪ್ಪ. ಐಬು ಇಲ್ಲಲ್ರಿ. ಅವರಾಗೇ ಬ್ಯಾಡ ಅನಬೇಕು. ಆ ಅವ್ವಾರಿಗೆ ಹಾಡು ಸೇರಲಿಲ್ಲ ಅಂದ್ರ ಮುಗೀತು."

ಇಷ್ಟು ವರ್ಷ ಸ್ವರಕ್ಕೆ ಕಟ್ಟಿಹಾಕಿದ ಗಂಟಲನ್ನು ಅವಳು ಹೇಗೆ ಬಿಚ್ಚುತ್ತಾಳೆ ಎಂದು ಭಯವಾಯಿತು. ಆದರೂ ಅವಳ ಉಪಾಯ ಫಲಿಸಲಿ ಎಂದು ಒಳಗೊಳಗೇ ಬೇಡಿಕೊಂಡೆ.

ಅವರು ಬಂದರು. ಹುಡುಗ, ಅವನ ಅಪ್ಪ, ಅವ್ವ, ಒಬ್ಬ ಸೋದರಮಾವ. ಹುಡುಗನ ತಾಯಿ ದೊಡ್ಡ ಕುಂಕುಮದ, ನಗುಮುಖದ ಹೆಂಗಸು. ಅವಲಕ್ಕಿ ತಿಂದರು, ಚಹಾ ಕುಡಿದರು, ಈ ಸಲದ ಹತ್ತಿಯ ಮಾತಾಡಿದರು. ಆಮೇಲೆ ಆ ತಾಯಿ "ಹಾಡವಾ ನನ್ನವ್ವ" ಎಂದು ಪ್ರೀತಿಯಿಂದಲೇ ಹೇಳಿದರು. ನಾನು ಪೇಟಿಗೆ ಗಾಳಿ ತುಂಬುವ ಬಾತೆ ಎಳೆದು ಸ್ವರ ಹಿಡಿದೆ.

ಹಾಡಿದ್ದು ಒಂದು ವಚನ, ನಾನೇ ರಾಗ ಕೂಡಿಸಿದ್ದು. ಮೊದಲ ಸಾಲು ಸರಿಯಾಗಿಯೇ ಹೋಯಿತು. ಎರಡನೆಯ ಸಾಲಿನಲ್ಲಿ ಧ್ವನಿ ಏರಿ ಒಂದು ಸ್ವರದ ಮೇಲೆ ಬಹಳ ಹೊತ್ತು ನಿಲ್ಲಬೇಕು. ಅವಳು ಏರಿದಳು, ಆ ಸ್ವರವನ್ನು ಮುಟ್ಟದೆ ಅದರ ಕೆಳಗೇ ನಿಂತುಬಿಟ್ಟಳು. ಕೊರಳ ನರ ಉಬ್ಬಿತ್ತು. ಸರಿಯಾಗಿ ಹಾಡುವುದಕ್ಕಿಂತ ಹತ್ತುಪಟ್ಟು ಕಷ್ಟಪಟ್ಟು ತಪ್ಪು ಹಾಡುತ್ತಿದ್ದಳು. ಸಾಥ್ ಕೊಡುವವರ ಬೆರಳಿಗೆ ಹಾಡುವವರ ತಪ್ಪು ಮುಚ್ಚುವ ಚಾಳಿ ಇರುತ್ತದೆ. ನನ್ನ ಬೆರಳೂ ಅವಳ ಹಿಂದೆ ಜಾರತೊಡಗಿತು. ನಾನು ಅದನ್ನು ಎಳೆದು ತಂದು ಸರಿಯಾದ ಸ್ವರದ ಮನೆಯ ಮೇಲೇ ಒತ್ತಿ ಹಿಡಿದೆ. ಪೇಟಿ ಒಂದು ಕಡೆ, ಹುಡುಗಿ ಒಂದು ಕಡೆ. ಹಲ್ಲಿನ ನಡುವೆ ಹರಳು ಸಿಕ್ಕಿದ ಹಾಗಾಗಿ ನನಗೆ ಜುಮ್ಮೆಂದಿತು. ಇನ್ನು ಯಾರಾದರೂ ಹುಬ್ಬು ಗಂಟಿಕ್ಕುತ್ತಾರೆ ಎಂದು ತಲೆಯೆತ್ತಿ ನೋಡಿದೆ.

ಸೋದರಮಾವ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಹುಡುಗ ನೆಲ ನೋಡುತ್ತ ಮುಗುಳ್ನಗುತ್ತಿದ್ದ. ತಾಯಿ ಕಣ್ಣುಮುಚ್ಚಿ ತಲೆದೂಗುತ್ತಿದ್ದರು, ಕಣ್ಣಂಚಿನಲ್ಲಿ ನೀರಿತ್ತು. ಹುಡುಗಿ ಇನ್ನಷ್ಟು ಕೆಡಿಸಿದಳು. ಕೊನೆಗೆ ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಯದೆ, ದಾರಿಯಲ್ಲೇ ಬಿಟ್ಟು ಎದ್ದಂತೆ ನಿಲ್ಲಿಸಿದಳು.

"ಎಷ್ಟ ಛಂದ ಹಾಡಿದೆವಾ, ಎದಿ ತುಂಬಿ ಬಂತು" ಎಂದು ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಏನಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಅಷ್ಟರಲ್ಲಿ ಹುಡುಗನ ಅಪ್ಪ ನನ್ನ ಕಡೆ ತಿರುಗಿ "ನೀವ ಕಲಿಸಿದವ್ರು, ನೀವ ಹೇಳ್ರಿ ಅಕ್ಕೋರ, ಹೆಂಗ ಹಾಡಿದ್ಲು?" ಎಂದು ಕೇಳಿದರು.

ಹುಡುಗಿಯ ಅಪ್ಪನ ಮುಖ ನೋಡದೆ ಖರೆ ಮಾತು ಹೇಳಿಬಿಟ್ಟೆ. "ಸರಿ ಹಾಡಲಿಲ್ಲರಿ. ಸ್ವರ ತಪ್ಪಿದ್ಲು. ಒಂದ ಕಡೆ ಅಲ್ಲ, ಭಾಳ ಕಡೆ ತಪ್ಪಿದ್ಲು."

ಹುಡುಗನ ಅಪ್ಪ ಜೋರಾಗಿ ನಕ್ಕರು.

"ನೋಡಿದ್ರ್ಯಾ, ಗುರುಗೋಳು ಅಂದ್ರ ಹಿಂಗಿರಬೇಕು. ಎದುರಿಗೆ ಹೊಗಳಂಗಿಲ್ಲ."

"ದೃಷ್ಟಿ ಆದೀತಂತ ಹಂಗಂತಾರ" ಎಂದು ತಾಯಿ ತಮ್ಮ ಗಂಡನಿಗೆ ತಿಳಿಸಿ ಹೇಳಿದರು.

"ಇಲ್ಲರಿ, ನಾ ಖರೇನ ಹೇಳಾಕತ್ತೇನಿ" ಎಂದೆ. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಸೋದರಮಾವ ನನಗೆ ಕೈಮುಗಿದರು. ಎಷ್ಟು ತೆಗಳಿದರೂ ಅದು ಹೊಗಳಿಕೆಯ ಲೆಕ್ಕಕ್ಕೇ ಜಮೆಯಾಗುತ್ತಿತ್ತು. ಇನ್ನು ಬಾಯಿಬಿಟ್ಟರೆ ಹುಡುಗಿಯ ಬೆಲೆ ಇನ್ನೂ ಏರುತ್ತದೆ ಎಂದು ಹೆದರಿ ಸುಮ್ಮನಾದೆ. ಆ ಕೋಣೆಯಲ್ಲಿ ಸ್ವರ ಗೊತ್ತಿದ್ದವರು ನಾವಿಬ್ಬರೇ, ಮತ್ತು ಅದರಿಂದ ನಮಗೆ ಮೂರು ಕಾಸಿನ ಉಪಯೋಗವಾಗಲಿಲ್ಲ. ಸಂಬಂಧ ಗೊತ್ತಾಯಿತೆಂದು ಅಲ್ಲೇ ಸಕ್ಕರೆ ಹಂಚಿದರು.

ಅವರು ಹೋದ ಮೇಲೆ ಹುಡುಗಿ ಪೇಟಿಗೆ ಬಟ್ಟೆ ಹೊದಿಸುತ್ತ ಮೆಲ್ಲಗೆ ಕೇಳಿದಳು. "ಅಷ್ಟ ಕೆಟ್ಟ ಹಾಡಿದೆ. ಯಾರಿಗೂ ತಿಳೀಲಿಲ್ಲೇನ್ರಿ?"

"ನನಗ ತಿಳೀತವಾ" ಎಂದೆ. ಅವಳು ಅತ್ತಳು, ನನಗೂ ಅಳು ಬಂತು. ಹೊರಗೆ ಅವಳಪ್ಪ ಖುಷಿಯಲ್ಲಿ ನಮ್ಮಿಬ್ಬರಿಗೂ ಚಹಾ ಹೇಳುತ್ತಿದ್ದರು. ಮಗಳ ಕಣ್ಣೀರನ್ನು ಅವರು ಮದುವೆ ಗೊತ್ತಾದ ಹುಡುಗಿಯರು ಅಳುವ ಅಳು ಎಂದುಕೊಂಡರು.

ಮದುವೆಯ ಮುಹೂರ್ತ ಪರೀಕ್ಷೆಯ ವಾರದಲ್ಲೇ ಬಂತು. ಮುಂದಿನ ವರ್ಷ ಬರೆಯಲಿ, ನಾವೇನು ಬೇಡ ಅನ್ನುವುದಿಲ್ಲ ಎಂದು ಗಂಡಿನ ಕಡೆಯವರು ಹೇಳಿದರು, ಮನಸ್ಸಿನಿಂದಲೇ ಹೇಳಿದರು. ಮುಂದಿನ ವರ್ಷ ಅವಳು ಬಸುರಿಯಾಗಿದ್ದಳು. ಅದರ ಮುಂದಿನ ಶ್ರಾವಣದಲ್ಲಿ ಅವರ ಮನೆಯ ಪೂಜೆಗೆ ನನಗೂ ಕರೆ ಬಂತು, ಕರ್ಜಗಿಗೆ ಹೋದೆ. ಅವಳನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದರು. ಗಂಡ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದ. ಅವಳನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಊಟವಾದ ಮೇಲೆ ಅತ್ತೆ ಬಂದ ಹೆಂಗಸರನ್ನೆಲ್ಲ ಕೂಡಿಸಿ ಸೊಸೆಯನ್ನು ಹಾಡಲು ಕರೆದರು. ಅವಳು ಅದೇ ವಚನ ಎತ್ತಿಕೊಂಡಳು. ಅಭ್ಯಾಸ ತಪ್ಪಿ ಧ್ವನಿ ಒರಟಾಗಿತ್ತು, ಉಸಿರು ಸಾಲುತ್ತಿರಲಿಲ್ಲ. ಆದರೆ ಎರಡನೆಯ ಸಾಲಿನಲ್ಲಿ ಏರಿ ಸ್ವರದ ನಟ್ಟನಡುವೆ ಹೋಗಿ ನಿಂತಳು. ನಾನು ಉಸಿರು ಹಿಡಿದು ಕೇಳಿದೆ. ಹೆಂಗಸರು ಚೆನ್ನಾಗಿದೆ ಎಂದರು.

ಅತ್ತೆ ಮಾತ್ರ ಪ್ರೀತಿಯಿಂದ ಸೊಸೆಯ ಭುಜ ಮುಟ್ಟಿ, "ಕನ್ಯಾ ನೋಡಾಕ ಬಂದಾಗ ಹಾಡಿದ್ದಿ ನೋಡು, ಅದರ ರುಚೀನ ಬ್ಯಾರೆ ಇತ್ತು. ಅಕ್ಕೋರ ಬಂದಾರ, ಹಂಗ ಹಾಡವಾ, ದಿನಾ ನನಗ ಹಾಡತಿ ಅಲ್ಲ, ಹಂಗ" ಎಂದರು.

ಅವಳು ನನ್ನ ಮುಖ ನೋಡಲಿಲ್ಲ. ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಎರಡನೆಯ ಸಾಲಿನಲ್ಲಿ ಏರಿ, ಸ್ವರದ ಕೆಳಗೇ ನಿಂತಳು. ಈ ಸಲ ಕೊರಳ ನರ ಉಬ್ಬಲಿಲ್ಲ, ಏನೂ ಕಷ್ಟವಾದ ಹಾಗೆ ಕಾಣಲಿಲ್ಲ.