ಉರುಕುಂದಪ್ಪ ಎತ್ತಿಟ್ಟ ಮೊಟ್ಟೆಗಳು

ಮಾಧವರಂ ಹತ್ತಿರ ತುಂಗಭದ್ರೆಯಲ್ಲಿ ನೀರು ಇಳಿದಾಗ ಒಂದು ಮರಳಿನ ನಡುಗಡ್ಡೆ ಏಳುತ್ತದೆ. ವಸಂತ ಬಂತೆಂದರೆ ಹಳದಿ ಕೊಕ್ಕಿನ ರೀವ ಹಕ್ಕಿಗಳು ಅಲ್ಲಿ ಬರೀ ಮರಳಲ್ಲೇ ಗುಂಡಿ ಕೆದರಿ ಮೊಟ್ಟೆ ಇಡುತ್ತವೆ. ಹಕ್ಕಿ ನೋಡುವ ಹುಚ್ಚಿಗೆ ನಾನು ಪ್ರತಿವರ್ಷ ಆದೋನಿಯಿಂದ ಹೋಗುತ್ತೇನೆ. ಹರಿಗೋಲಲ್ಲಿ ದಾಟಿಸುವವನು ಉರುಕುಂದಪ್ಪ.

ಮೆತ್ತಗಿನ ಮನುಷ್ಯನೇನಲ್ಲ. ಕ್ಯಾಮೆರಾ ಹಿಡಿದು ಗೂಡಿನ ಮೇಲೇ ಬೀಳಲು ಹೋದ ದೊಡ್ಡಮನುಷ್ಯರೊಬ್ಬರನ್ನು ರಟ್ಟೆ ಹಿಡಿದು ಹರಿಗೋಲಿಗೆ ತಳ್ಳಿದ್ದ. ಅವತ್ತಿನಿಂದ ನನಗೆ ಆತ ಬಲು ಇಷ್ಟ.

ಮೊದಲು ಕುರಿ ಸಾಕುತ್ತಿದ್ದ. ಒಂದು ಮಳೆಗಾಲದ ರೋಗಕ್ಕೆ ಹಿಂಡೆಲ್ಲ ಹೋಯಿತು. ಮಕ್ಕಳಿಲ್ಲ. "ಮರಿ ಕಾಯೋದು ಬಿಟ್ರ ನನಗ ಏನ್ ಬರ್ತೈತ್ರಿ ಸರ?" ಎನ್ನುತ್ತಿದ್ದ. ಹೋದ ವರ್ಷ ನಾಯಿಗಳು ಈಜಿ ಬಂದು ಗೂಡುಗಳನ್ನೆಲ್ಲ ಬರಿದು ಮಾಡಿದ್ದವು. ಈ ಸಲ ಒಂದಾದರೂ ಮರಿ ಹಾರಬೇಕು ಎಂದು ಹಟ ತೊಟ್ಟು ದಡದಲ್ಲೇ ಗುಡಿಸಲು ಹಾಕಿಕೊಂಡ. ಹೆಂಡತಿ ಎರ್ರಮ್ಮ ಬೈದುಕೊಳ್ಳುತ್ತಲೇ ಅಲ್ಲಿಗೆ ಬುತ್ತಿ ತರುತ್ತಿದ್ದಳು.

ಯುಗಾದಿಯ ಹೊತ್ತಿಗೆ ಊರಲ್ಲಿ ದಂಡೋರ ಹಾಕಿದರು. ಭಕ್ತರ ಸ್ನಾನಕ್ಕೆ ಮೇಲಿನಿಂದ ನದಿಗೆ ನೀರು ಬಿಡುತ್ತಾರೆ, ದನಕುರಿ ಇಳಿಸಬೇಡಿ ಎಂದು. ಎಷ್ಟು ನೀರು, ಎಲ್ಲಿಯವರೆಗೆ ಬರುತ್ತದೆ ಎಂದು ಹೇಳುವ ಸೌಜನ್ಯ ಯಾರಿಗೂ ಇರಲಿಲ್ಲ. ಹಕ್ಕಿಗಳನ್ನು ಕೇಳುವವರಾದರೂ ಯಾರು?

ಉರುಕುಂದಪ್ಪ ಬೆಳಿಗ್ಗೆಯೇ ನಡುಗಡ್ಡೆಗೆ ಹೋಗಿ ಮೊಟ್ಟೆಗಳನ್ನೆಲ್ಲ ಎತ್ತಿ, ಅದರ ಎತ್ತರದ ತುದಿಯಲ್ಲಿ ಹೊಸ ಗುಂಡಿ ತೋಡಿ ಇಟ್ಟ. ಪ್ರತಿ ಗೂಡಿನ ಮರಳನ್ನೂ ಬೊಗಸೆಯಲ್ಲಿ ತಂದು ಮೊಟ್ಟೆಯ ಸುತ್ತ ಹರವಿದ. ಕುರಿಯ ಮರಿ ಸತ್ತರೆ ಅದರ ಚರ್ಮವನ್ನು ತಬ್ಬಲಿ ಮರಿಗೆ ಹೊದಿಸುತ್ತಾರೆ. ತನ್ನ ಮರಿಯದೇ ವಾಸನೆ ಎಂದು ತಾಯಿಕುರಿ ಅದಕ್ಕೆ ಹಾಲು ಕೊಡುತ್ತದೆ. ಹಕ್ಕಿಯೂ ಹಾಗೆಯೇ ತನ್ನ ಮೊಟ್ಟೆ ಹುಡುಕಿಕೊಂಡು ಬರುತ್ತದೆ ಎಂದು ನಂಬಿದ.

ಮರುದಿನ ನಾನು ಹೋದಾಗ ನೀರು ಬಂದು ಇಳಿದಿತ್ತು. ಹಳೆಯ ಗುಂಡಿಗಳ ತನಕ ಅದು ಏರಿರಲೇ ಇಲ್ಲ. ಹಕ್ಕಿಗಳು ಆ ಖಾಲಿ ಗುಂಡಿಗಳ ಮೇಲೆಯೇ ಕಾವು ಕೂತಿದ್ದವು. ಎತ್ತರದಲ್ಲಿದ್ದ ಮೊಟ್ಟೆಗಳು ಹಕ್ಕಿಯ ನೆರಳಿಲ್ಲದೆ ಹಿಂದಿನ ದಿನವೆಲ್ಲ ಬಿಸಿಲಲ್ಲಿ ಬೆಂದಿದ್ದವು.

"ಯಾಕ ಬರಲಿಲ್ರಿ ಸರ? ವಾಸನಿ ಸೈತ ತಂದಿದ್ನಲ್ಲ."

ನಾನು ಹೇಳಿದೆ. "ಇವಕ್ಕ ವಾಸನಿ ಗೊತ್ತಾಗಂಗಿಲ್ಲ ಉರುಕುಂದಪ್ಪ. ಜಾಗ ಅಷ್ಟ ಗೊತ್ತು."

ಆತ ಎದ್ದು, ಒಂದೊಂದೇ ಮೊಟ್ಟೆಯನ್ನು ಮೊದಲಿದ್ದ ಗುಂಡಿಗೆ ತಂದಿಟ್ಟ. ನಾವು ದೂರ ಸರಿಯುತ್ತಲೇ ಹಕ್ಕಿಗಳು ಇಳಿದು ಬಂದು, ಎದೆಯ ಪುಕ್ಕ ಅಗಲಿಸಿ ಅವುಗಳ ಮೇಲೆ ಕೂತವು.

"ಇನ್ನ ಅವು ಒಡೆಯಂಗಿಲ್ಲ," ಎಂದೆ.

"ನನಗ ಗೊತ್ತೈತ್ರಿ. ಅವಕ್ಕ ಯಾರ್ ಹೇಳ್ಬೇಕು?"

ಹಕ್ಕಿಗಳು ತಾವಾಗಿ ಎದ್ದುಹೋಗುವವರೆಗೂ ಆತ ದಿನಾ ನಡುಗಡ್ಡೆಗೆ ಹೋಗಿ, ಆ ಮೊಟ್ಟೆಗಳ ಹತ್ತಿರ ನಾಯಿ ಸುಳಿಯದಂತೆ ಕಾದ.