ಎರಡು ಗಂಟೆಗೊಂದು ಮಗ್ಗುಲು

ಕೀವು ನೋಡಿ ಮುಖ ಸಿಂಡರಿಸಿದವಳಲ್ಲ ನಾನು. ಒಂಬತ್ತು ವರ್ಷ ಸ್ಟಾಫ್ ನರ್ಸ್ ಆಗಿ ದುಡಿದಿದ್ದೇನೆ. ಬೆಡ್‌ಪ್ಯಾನ್ ಎತ್ತಿಟ್ಟು, ಕೈ ತೊಳೆದುಕೊಂಡು, ಐದು ನಿಮಿಷದಲ್ಲಿ ಚಿತ್ರಾನ್ನ ತಿಂದು ಮತ್ತೆ ವಾರ್ಡಿಗೆ ಓಡಿದ್ದೇನೆ. ಕಫ, ವಾಂತಿ, ಮಲ ಯಾವುದಕ್ಕೂ ನನ್ನ ಹೊಟ್ಟೆ ತೊಳಸಿದ್ದಿಲ್ಲ. ನನಗೆ ಹೇಸಿಗೆ ಹುಟ್ಟಿಸುವುದು ಒಂದು ಹಾಳೆ. ಆಸ್ಪತ್ರೆಯಲ್ಲಿ ಹಾಸಿಗೆಯ ಕಾಲಿನ ಕಡೆ ಫೈಲಿಗೆ ಸಿಕ್ಕಿಸಿರುತ್ತಾರಲ್ಲ, ಮಗ್ಗುಲು ಬದಲಾಯಿಸಿದ ಚಾರ್ಟು, ಅದು.

ತಾನಾಗಿ ಹೊರಳಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ನಾವು ಹೊರಳಿಸಬೇಕು. ಇಲ್ಲದಿದ್ದರೆ ಮೂಳೆ ಒತ್ತಿದ ಕಡೆ ಚರ್ಮ ಸತ್ತು ಹುಣ್ಣಾಗುತ್ತದೆ. ಬೆಡ್ ಸೋರ್ ಅನ್ನುತ್ತೇವೆ. ಹೊರಳಿಸಿದ ಮೇಲೆ ಚಾರ್ಟಿನಲ್ಲಿ ಬರೆಯಬೇಕು: ಎಡ ಮಗ್ಗುಲಾದರೆ ಎಲ್, ಬೆನ್ನ ಮೇಲಾದರೆ ಬಿ, ಬಲ ಮಗ್ಗುಲಾದರೆ ಆರ್. ಪಕ್ಕದಲ್ಲಿ ಸೈನ್. ನರ್ಸಿಂಗ್ ಸೇರಿದ ಮೊದಲ ವರ್ಷವೇ ನಮ್ಮ ತಲೆಗೆ ತುಂಬುವ ಮಾತೊಂದಿದೆ: ಬರೆಯದಿದ್ದರೆ ಮಾಡಿಲ್ಲವೆಂದೇ ಅರ್ಥ. ಒಳ್ಳೆಯ ಮಾತು. ಆದರೆ ವಾರ್ಡಿಗೆ ಬಂದ ಮೇಲೆ ಎಲ್ಲರೂ ಅದನ್ನು ತಲೆಕೆಳಗು ಮಾಡಿಕೊಂಡಿರುತ್ತಾರೆ. ಬರೆದರೆ ಮಾಡಿದ ಹಾಗೆ. ಬೆಳಿಗ್ಗೆ ಡ್ಯೂಟಿಗೆ ಬಂದ ತಕ್ಷಣ ಎಂಟು, ಹತ್ತು, ಹನ್ನೆರಡು, ಎರಡು ಗಂಟೆಯ ಎಲ್, ಬಿ, ಆರ್‌ಗಳನ್ನು ಒಂದೇ ಪೆನ್ನಲ್ಲಿ, ಒಂದೇ ಉಸಿರಲ್ಲಿ ಬರೆದು ಮುಗಿಸುವುದು. ಇದಕ್ಕೆ ನಮ್ಮಲ್ಲಿ ‘ಚಾರ್ಟ್ ಮುಗಿಸೋದು’ ಅನ್ನುತ್ತಾರೆ. ರೋಗಿ ಬೆಳಿಗ್ಗೆ ಹೇಗಿದ್ದನೋ ಹಾಗೇ ಬಿದ್ದಿರುತ್ತಾನೆ.

ಇದರಿಂದ ಪಾರಾಗೋಣ ಅಂತಲೇ ನಾನು ಎಂ.ಎಸ್ಸಿ. ಸೇರಿದ್ದು. ಹೆಚ್ಚು ಓದಿದ ನರ್ಸ್ ಬೇರೆ ರೀತಿ ಕೆಲಸ ಮಾಡಬಹುದು, ಡಾಕ್ಟರರ ಪಕ್ಕದಲ್ಲಿ ನಿಂತು ಇದು ಸರಿಯಿಲ್ಲ ಸಾರ್ ಅನ್ನಬಹುದು ಅಂತ ನಂಬಿದ್ದೆ. ಕಾಲೇಜು ಜೆ.ಪಿ. ನಗರದ ಒಂದು ಕಟ್ಟಡದ ಮೇಲಿನ ಎರಡು ಮಹಡಿ. ಕೆಳಗೆ ಮೆಡಿಕಲ್ ಶಾಪು, ಅದರ ಮೇಲೆ ಟ್ಯೂಷನ್ ಸೆಂಟರು. ನಮ್ಮ ಬ್ಯಾಚಿಗೆ ನಾಲ್ಕೇ ಜನ. ನಮಗೆ ಯಾರೂ ಪಾಠ ಮಾಡುತ್ತಿರಲಿಲ್ಲ. ನಾವೇ ಸೆಮಿನಾರ್ ಮಾಡಿ ನಾವೇ ಕೇಳಿಸಿಕೊಳ್ಳುತ್ತಿದ್ದೆವು. ಅಷ್ಟು ಸಾಲದೆಂದು ಬಿ.ಎಸ್ಸಿ. ಮಕ್ಕಳಿಗೆ ಪಾಠವನ್ನೂ ನಮ್ಮ ಕೈಲೇ ಮಾಡಿಸುತ್ತಿದ್ದರು. ಸ್ಕಿಲ್ ಲ್ಯಾಬಿನಲ್ಲಿ ಅಭ್ಯಾಸಕ್ಕೆ ಇಟ್ಟಿದ್ದ ಗೊಂಬೆಗೆ ಒಂದು ಕೈ ಇರಲಿಲ್ಲ. ಇನ್‌ಸ್ಪೆಕ್ಷನ್ ಬಂದಾಗ ಅದಕ್ಕೆ ಕುತ್ತಿಗೆವರೆಗೆ ಹೊಸ ಬೆಡ್‌ಶೀಟ್ ಹೊದಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮೇಲೆ ಥಳುಕು, ಒಳಗೆ ಹುಳುಕು.

ಸುದ್ದಗುಂಟೆಪಾಳ್ಯದಲ್ಲಿ ನನ್ನ ಜೊತೆ ರೂಮಿನಲ್ಲಿದ್ದವಳೂ ಅದೇ ಬ್ಯಾಚಿನವಳು, ನಮ್ಮ ಹಾವೇರಿ ಕಡೆಯವಳೇ. ನಾನು ದಿನಾ ಬಂದು ಉರಿದುಬೀಳುತ್ತಿದ್ದರೆ ಅವಳು ರೊಟ್ಟಿ ಬಡಿಯುತ್ತಾ, “ನೀ ಭಾಳ ತಲಿ ಕೆಡಿಸ್ಕೊಂತಿ ಬಿಡ. ಎರಡ ವರ್ಷ ಕಣ್ ಮುಚ್ಕೊಂಡ್ ಕಳದ್ರ ಸರ್ಟಿಫಿಕೇಟ್ ಬರ್ತೈತಿ,” ಅನ್ನುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು. ರೊಟ್ಟಿ ಮಾತ್ರ ತಿನ್ನುತ್ತಿದ್ದೆ.

ಎರಡನೇ ವರ್ಷ ಥೀಸಿಸ್ ಬರೆಯಬೇಕು. ನಮ್ಮ ಗೈಡ್ ಮೇಡಂ ನನಗೆ ಕೊಟ್ಟ ವಿಷಯ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದರಿಂದ ಬೆಡ್ ಸೋರ್ ತಡೆಯಬಹುದೇ ಎಂಬುದು. ಇದನ್ನು ಕೇಳುವುದೇನಿದೆ, ಊರಲ್ಲಿ ನಮ್ಮ ಅಜ್ಜಿಗೂ ಗೊತ್ತಿತ್ತು. ಆದರೂ ಒಪ್ಪಿಕೊಂಡೆ. ಬನಶಂಕರಿಯ ಒಂದು ಆಸ್ಪತ್ರೆಯಲ್ಲಿ ನಮಗೆ ಪೋಸ್ಟಿಂಗ್. ಐಸಿಯುವಿನಿಂದ ಹೊರಬಂದವರನ್ನು ಇಡುವ ವಾರ್ಡು, ರೋಗಿಯ ಜೊತೆಗೆ ಮನೆಯವರೊಬ್ಬರು ಇರಬಹುದು. ಬೆಳಿಗ್ಗೆ ಎಂಟರಿಂದ ಎರಡರವರೆಗೆ ಅಲ್ಲಿ ಡ್ಯೂಟಿ ಮಾಡಬೇಕು, ಥೀಸಿಸ್‌ಗೆ ಬೇಕಾದ ಮಾಹಿತಿಯನ್ನೂ ಅಲ್ಲೇ ಎತ್ತಿಕೊಳ್ಳಬೇಕು. ಎತ್ತಿಕೊಳ್ಳುವುದು ಎಲ್ಲಿಂದ? ಅದೇ ಚಾರ್ಟಿನಿಂದ.

ಆ ವಾರ್ಡಿಗೆ ಶ್ರೀನಗರದ ಟೈಲರ್ ಒಬ್ಬರು ಬಂದರು. ಸ್ಟ್ರೋಕ್ ಆಗಿ ಬಲಭಾಗ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಮೂಗಿಗೊಂದು ಪೈಪು, ಮೂತ್ರಕ್ಕೊಂದು ಪೈಪು. ಜೊತೆಗಿದ್ದವರು ಅವರ ಹೆಂಡತಿ. ಅಂಗಡಿಯಲ್ಲಿ ಗಂಡ ಕತ್ತರಿಸಿ ಹೊಲಿದರೆ ಈಕೆ ಕಾಜಾ, ಗುಂಡಿ, ಫಾಲು ನೋಡಿಕೊಳ್ಳುತ್ತಿದ್ದರಂತೆ. ತೆಳ್ಳಗಿನ ಹೆಂಗಸು, ತೋಳು ಮಾತ್ರ ಗಟ್ಟಿ.

ಮೊದಲ ದಿನ ನಾನು ಅವರಿಗೆ ಪಾಠ ಮಾಡಿದೆ. ಅವರ ಮೇಲಿನ ಅಕ್ಕರೆಯಿಂದ ಅಂದುಕೊಳ್ಳಬೇಡಿ. ಮನೆಯವರಿಗೆ ತಿಳಿವಳಿಕೆ ಕೊಟ್ಟೆ ಅಂತ ನನ್ನ ಲಾಗ್‌ಬುಕ್ಕಿನಲ್ಲಿ ಒಂದು ಸೈನ್ ಬೇಕಿತ್ತು. ಬಣ್ಣದ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಏನಾಗುತ್ತದೆ ಅಂತ ಹೇಳಿದೆ. ಆಕೆ ಶಾಲೆಯ ಮಗುವಿನ ಹಾಗೆ ಕೇಳಿದರು. ಕೊನೆಗೆ, “ಅಷ್ಟು ಸಲ ತಿರುಗಿಸ್ಬೇಕಾ ಸಿಸ್ಟರ್? ಹಂಗಾದ್ರೆ ನಾನೂ ಕೈ ಹಾಕ್ಲಾ?” ಅಂದರು.

“ಬೇಡಮ್ಮ, ನೀವು ಮುಟ್ಬೇಡಿ. ಪೈಪು ಕಿತ್ತು ಬರುತ್ತೆ. ಅದು ನಮ್ಮ ಕೆಲಸ, ನಾವು ಮಾಡ್ತೀವಿ,” ಅಂದೆ.

ಹೇಳೋದು ಪುರಾಣ, ತಿನ್ನೋದು ಬದನೇಕಾಯಿ.

ಏಳನೆಯ ದಿನ ಬೆಳಿಗ್ಗೆ ಮೈ ಒರೆಸಿ ಸ್ಪಂಜ್ ಮಾಡುವಾಗ ಅವರನ್ನು ಎಡಕ್ಕೆ ಹೊರಳಿಸಿದೆ. ವಾಸನೆ ಮೊದಲು ಬಂತು. ಬಾಲದ ಮೂಳೆಯ ಮೇಲೆ ಅಂಗೈಯಗಲ ಚರ್ಮ ಕಪ್ಪಾಗಿ ಕುಸಿದಿತ್ತು, ಅಂಚಿನಲ್ಲಿ ಜಿನುಗುತ್ತಿತ್ತು. ಇದು ಒಂದು ದಿನದಲ್ಲಿ ಆಗುವಂಥದ್ದಲ್ಲ. ಮೊದಲು ಕೆಂಪಾಗಿ, ಆಮೇಲೆ ಸುಲಿದು, ಆಮೇಲೆ ಕಪ್ಪಾಗಿ, ಮೂರ್ನಾಲ್ಕು ದಿನ ನಮ್ಮೆಲ್ಲರ ಕಣ್ಣೆದುರಿಗೇ ಆಗಿರಬೇಕು. ಬೆಳಿಗ್ಗೆ ಒಮ್ಮೆ ಒರೆಸುವ ಎಂಟು ಜನರಲ್ಲಿ ಒಬ್ಬರೂ ಬೆನ್ನ ಕಡೆ ನೋಡಿರಲಿಲ್ಲ. ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಬಂದು ಗಾಯ ನೋಡಲಿಲ್ಲ, ಫೈಲ್ ತೆರೆದರು. “ಚಾರ್ಟೆಲ್ಲಾ ಕರೆಕ್ಟಾಗಿದೆಯಲ್ಲ, ಸದ್ಯ,” ಅಂದರು. ಆ ‘ಸದ್ಯ’ ಇವತ್ತಿಗೂ ನನ್ನ ಕಿವಿಯಲ್ಲಿದೆ. ಥೂ.

ಟೈಲರ ಹೆಂಡತಿ ಅಳಲಿಲ್ಲ, ಜಗಳಕ್ಕೆ ಬರಲಿಲ್ಲ. ಇನ್‌ಚಾರ್ಜ್ ಆ ಕಡೆ ಹೋದ ಮೇಲೆ ತಮ್ಮ ಬ್ಯಾಗಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಕೆಲವು ಚೀಟಿ ತೆಗೆದು ನನ್ನ ಕೈಗಿಟ್ಟರು. ಮನೆಯ ಗೋಡೆಗೆ ಹಾಕುವ ಡೈಲಿ ಕ್ಯಾಲೆಂಡರಿನಿಂದ ಹರಿದ ಹಾಳೆಗಳು. ದಿನಕ್ಕೊಂದರಂತೆ ಆರು. ಒಂದೊಂದರ ಹಿಂದೆಯೂ ಪೆನ್ಸಿಲಿನಲ್ಲಿ ಗೀಟು, ಗೀಟಿನ ಮುಂದೆ ಗಂಟೆ.

“ನೀವು ಅವತ್ತು ಅಷ್ಟು ಬಿಡಿಸಿ ಹೇಳಿದ್ರಲ್ಲ, ಮುಖ್ಯ ಇರ್ಬೇಕು ಅಂತ ಬರ್ಕೊಂಡೆ. ತಿರುಗಿಸಿದಾಗೆಲ್ಲ ಒಂದೊಂದು ಗೀಟು. ನಾನು ಊಟಕ್ಕೆ ಹೋದಾಗ ನನ್ ತಮ್ಮನ್ನ ಕೂರಿಸಿದ್ದೆ, ಅವನಿಗೂ ಹೇಳಿದ್ದೆ. ನೀವು ಓದಿರೋರು, ನೋಡಿ ಸಿಸ್ಟರ್, ಕಮ್ಮಿ ಆಯ್ತಾ ಅಂತ.”

ಒಂದು ಹಾಳೆಯಲ್ಲಿ ಎರಡು ಗೀಟು. ಇನ್ನೊಂದರಲ್ಲಿ ಮೂರು. ಮತ್ತೊಂದರಲ್ಲಿ ಒಂದೇ. ಬೆಳಿಗ್ಗೆ ಒರೆಸುವಾಗ ಒಂದು, ಸಂಜೆ ಬೆಡ್‌ಶೀಟ್ ಬದಲಾಯಿಸುವಾಗ ಒಂದು. ನಮ್ಮ ಚಾರ್ಟಿನಲ್ಲಿ ಪ್ರತಿದಿನವೂ ಹನ್ನೆರಡು. ಇಡೀ ವಾರ್ಡಿನಲ್ಲಿ ನನ್ನ ಪಾಠವನ್ನು ನಿಜ ಅಂತ ನಂಬಿದವರು ಈಕೆಯೊಬ್ಬರೇ.

ಚೀಟಿಗಳನ್ನೂ ಥೀಸಿಸ್‌ಗೆಂದು ಫೋನಿನಲ್ಲಿ ತೆಗೆದಿದ್ದ ಚಾರ್ಟಿನ ಫೋಟೋವನ್ನೂ ಎದುರೆದುರು ಇಟ್ಟುಕೊಂಡು ಕೂತೆ. ಈ ಸಲ ಇವರ ಬಣ್ಣ ಬಯಲು ಮಾಡುತ್ತೇನೆ, ಥೀಸಿಸ್‌ನಲ್ಲೇ ಹಾಕುತ್ತೇನೆ ಅಂತ ರಕ್ತ ಕುದಿಯುತ್ತಿತ್ತು. ಒಂದೊಂದೇ ಸೈನ್ ಗುರುತಿಸುತ್ತಾ ಹೋದೆ. ಇದು ಆ ಸಿಸ್ಟರ್‌ದು, ಇದು ಈ ಬ್ರದರ್‌ದು. ಗುರುವಾರಕ್ಕೆ ಬಂದೆ. ಹತ್ತು ಗಂಟೆ, ಆರ್. ಹನ್ನೆರಡು ಗಂಟೆ, ಎಲ್. ಎರಡೂ ಅಕ್ಷರಗಳ ಮುಂದೆ ಇದ್ದದ್ದು ನನ್ನ ಸೈನ್. ಆಕೆಯ ಗುರುವಾರದ ಚೀಟಿಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಒಂದು ಗೀಟೂ ಇರಲಿಲ್ಲ.

ಆಗ ನಾನು ಎಲ್ಲಿದ್ದೆ ಅಂತ ನನಗೆ ಚೆನ್ನಾಗಿ ನೆನಪಿದೆ. ನರ್ಸುಗಳು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೂತು ಮರುದಿನದ ಸೆಮಿನಾರಿಗೆ ಸ್ಲೈಡ್ ಮಾಡುತ್ತಿದ್ದೆ. ವಿಷಯ, ರೋಗಿಯ ಆರೈಕೆಯಲ್ಲಿ ಉನ್ನತ ತರಬೇತಿ ಪಡೆದ ನರ್ಸಿನ ಪಾತ್ರ. ಹಿನ್ನೆಲೆಗೆ ತಿಳಿ ನೀಲಿ ಇರಲೋ ತಿಳಿ ಹಸಿರು ಇರಲೋ ಅಂತ ಅರ್ಧ ಗಂಟೆ ಯೋಚಿಸಿದ್ದೆ. ಸೈನ್ ಹಾಕಿದ್ದು ನೆನಪೇ ಇಲ್ಲ. ಊಟಕ್ಕೆ ಮೊದಲು ಕೈ ತೊಳೆದದ್ದು ಹೇಗೆ ನೆನಪಿರುವುದಿಲ್ಲವೋ ಹಾಗೆ. ಅದೇ ನನಗೆ ಎಲ್ಲಕ್ಕಿಂತ ಅಸಹ್ಯವಾದದ್ದು.

ಆದರೂ ಚೀಟಿ ತೆಗೆದುಕೊಂಡು ಗೈಡ್ ಮೇಡಂ ಹತ್ತಿರ ಹೋದೆ. ಅವರು ಒಂದನ್ನು ತಿರುವಿ ನೋಡಿ, “ಇದೇನಮ್ಮ, ರಾಹುಕಾಲ ಎಲ್ಲಾ ಇದೆ?” ಅಂದರು.

“ಹಿಂದೆ ನೋಡಿ ಮೇಡಂ. ನಿಜವಾಗ್ಲೂ ಎಷ್ಟು ಸಲ ತಿರುಗಿಸಿದಾರೆ ಅಂತ ಅವರ ಹೆಂಡ್ತಿ ಬರ್ದಿರೋದು. ನಾವು ತಗೊಂಡಿರೋ ಚಾರ್ಟು ಸುಳ್ಳು.”

“ಯಾವ ಚಾರ್ಟು?”

“ಎಲ್ಲಾದೂ ಇರ್ಬೇಕು.”

ಅವರು ಕನ್ನಡಕ ತೆಗೆದಿಟ್ಟರು. “ನೋಡಮ್ಮ, ಚಾರ್ಟು ಒಂದು ಟೂಲು. ಎಕ್ಸ್‌ಪರ್ಟ್‌ಗಳ ಹತ್ರ ಕಳಿಸಿ ವ್ಯಾಲಿಡಿಟಿ ತಗೊಂಡಿದೀವಿ. ಈ ಕ್ಯಾಲೆಂಡರ್ ಚೀಟಿಗೆ ವ್ಯಾಲಿಡಿಟಿ ಎಲ್ಲಿದೆ? ಯಾರು ಸೈನ್ ಹಾಕಿದಾರೆ? ಆ ಪೇಷಂಟ್‌ನ ಡ್ರಾಪ್ ಮಾಡು. ಮಧ್ಯದಲ್ಲಿ ಬಿಟ್ಟುಹೋದ್ರು ಅಂತ ಬರಿ.”

“ಹೋಗಿಲ್ಲ ಮೇಡಂ. ಇನ್ನೂ ಅಲ್ಲೇ ಮಲಗಿದಾರೆ.”

“ನಿನ್ನ ಸ್ಟಡಿಯಿಂದ ಹೋದ್ರಲ್ಲ, ಅಷ್ಟು ಸಾಕು.” ಆಮೇಲೆ ನನ್ನ ಫೋನಿನಲ್ಲಿದ್ದ ಚಾರ್ಟನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಗುರುವಾರದ ಮೇಲೆ ಉಗುರಿಟ್ಟರು. “ಕಂಪ್ಲೇಂಟ್ ಕೊಡೋದಾದ್ರೆ ಕೊಡು. ಮೊದಲು ಇದು ಯಾರ ಸೈನ್ ಹೇಳು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನನ್ನ ಹೆಗಲ ಮೇಲೆ ಕುಂಬಳಕಾಯಿಯೇ ಇತ್ತು. ಫೋನು, ಚೀಟಿ ಎತ್ತಿಕೊಂಡು ಹೊರಗೆ ಬಂದೆ. ಹೇಳಿದ್ದರೆ ಡಿಗ್ರಿ ಹೋಗುತ್ತಿತ್ತು, ರಿಜಿಸ್ಟ್ರೇಷನ್ನಿಗೂ ಕುತ್ತು ಬರುತ್ತಿತ್ತೋ ಏನೋ. ಹೇಳದಿದ್ದರೆ ಒಬ್ಬ ಮನುಷ್ಯನ ಬೆನ್ನಿಗೆ ಏನೂ ಆಗಲೇ ಇಲ್ಲ ಅಂತ ನಾನೇ ಬರೆದುಕೊಟ್ಟ ಹಾಗೆ. ಅವತ್ತು ಸಂಜೆ ರೂಮಿನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ರೋಗಿಗಳ ಪಟ್ಟಿ ತೆರೆದು ಟೈಲರ ಸಾಲನ್ನು ಆರಿಸಿ ಡಿಲೀಟ್ ಒತ್ತಿದೆ. ಕೆಳಗಿನ ಸಾಲು ಮೇಲೆ ಬಂದು ಕೂತುಕೊಂಡಿತು. ರೂಮ್‌ಮೇಟ್ ನೋಡಿ, “ಛಲೋ ಮಾಡಿದಿ,” ಅಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆಯೂ ನನಗೆ ಉಳಿದಿರಲಿಲ್ಲ. ಥೀಸಿಸ್ ಪಾಸಾಯಿತು. ಮಗ್ಗುಲು ಬದಲಾಯಿಸುವುದರಿಂದ ಬೆಡ್ ಸೋರ್ ಸಂಪೂರ್ಣವಾಗಿ ತಡೆಯಬಹುದು ಅಂತ ಅದರ ಕೊನೆಯ ಅಧ್ಯಾಯದಲ್ಲಿದೆ. ಈಗ ನಾನೂ ಒಂದು ಕಾಲೇಜಿನಲ್ಲಿ ಮೇಡಂ.

ಡಿಲೀಟ್ ಒತ್ತಿದ ಮರುವಾರ ಟೈಲರನ್ನು ಡಿಸ್ಚಾರ್ಜ್ ಮಾಡಿದರು. ಹುಣ್ಣು ಮಾಗಲು ತಿಂಗಳುಗಟ್ಟಲೆ ಬೇಕು, ಮನೆಯಲ್ಲೇ ಡ್ರೆಸಿಂಗ್ ಮಾಡಿಸಿ ಅಂದರು. ಅವತ್ತು ಹನ್ನೆರಡರ ಹೊತ್ತಿಗೆ, ಮನೆಯಲ್ಲಿ ಹೇಗೆ ಹೊರಳಿಸಬೇಕು ಅಂತ ಅವರ ಹೆಂಡತಿಗೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕೂ ಲಾಗ್‌ಬುಕ್ಕಿನಲ್ಲಿ ಒಂದು ಜಾಗವಿತ್ತು. ಈ ಸಲ ಚಿತ್ರದ ಕಾರ್ಡು ತರಲಿಲ್ಲ. ಪೈಪುಗಳನ್ನು ಮೊದಲು ಈ ಕಡೆ ತಂದುಕೊಳ್ಳಿ, ಆ ಕಡೆಯ ಮಂಡಿ ಮಡಚಿ, ಕೆಳಗಿನ ಬೆಡ್‌ಶೀಟನ್ನು ಭುಜ ಮತ್ತು ಸೊಂಟದ ಹತ್ತಿರ ಸುತ್ತಿ ಹಿಡಿದು ನಿಮ್ಮ ಕಡೆ ಎಳೆಯಿರಿ ಅಂದೆ. ಆಕೆ ಸೆರಗು ಸಿಕ್ಕಿಸಿಕೊಂಡು, ನಾನು ಹೇಳಿದ್ದನ್ನೆಲ್ಲ ಕ್ರಮವಾಗಿ ಮಾಡಿ, ಕೋಟಿನ ಬಟ್ಟೆಯನ್ನು ಟೇಬಲ್ ಮೇಲೆ ಮಗುಚಿದ ಹಾಗೆ ಗಂಡನನ್ನು ಎಡ ಮಗ್ಗುಲಿಗೆ ತಂದು, ಬೆನ್ನಿಗೆ ದಿಂಬು ಒತ್ತು ಕೊಟ್ಟರು. ಅರ್ಧ ನಿಮಿಷವೂ ಆಗಲಿಲ್ಲ. ಒಂದು ಪೈಪೂ ಅಲುಗಲಿಲ್ಲ.

ಕೈ ಒರೆಸಿಕೊಳ್ಳುತ್ತಾ ನನ್ನ ಮುಖ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

“ಇಷ್ಟೇನಾ ಸಿಸ್ಟರ್? ಇದು ನನ್ ಕೈಲಿ ಆಗ್ತಿತ್ತು. ನೀವು ಮುಟ್ಬೇಡಿ ಅಂದ್ರಲ್ಲ, ಅದಕ್ಕೇ ಮುಟ್ಲಿಲ್ಲ.”

ಮಧ್ಯಾಹ್ನ ಫೈಲ್ ಮೆಡಿಕಲ್ ರೆಕಾರ್ಡ್ಸ್‌ಗೆ ಹೋಗುವ ಮುಂಚೆ ಇನ್‌ಚಾರ್ಜ್ ಸಿಸ್ಟರ್ ಚಾರ್ಟು ತೋರಿಸಿ, ಹನ್ನೆರಡು ಗಂಟೆಯದು ಖಾಲಿ ಇದೆ ನೋಡು ಅಂದರು. ನಾನು ಎಲ್ ಅಂತ ಬರೆದೆ. ಆ ಫೈಲಿನಲ್ಲಿ ನಾನು ಬರೆದದ್ದರಲ್ಲಿ ಅದೊಂದೇ ನಿಜ. ಹೊರಳಿಸಿದ್ದು ಆಕೆ. ಪಕ್ಕದಲ್ಲಿ ನನ್ನ ಸೈನ್ ಹಾಕಿದೆ.